ದನಿಯ ಹಿಂದೆ ಬಂದ ಬೆರಳುಗಳು

ಕೇರಿಯ ಹುಡುಗ ಮಹದೇವು ಒಂದು ಹೆಬ್ಬೆರಳನ್ನು ರೆಕಾರ್ಡರಿನ ಗುಂಡಿಯ ಮೇಲೂ ಇನ್ನೊಂದನ್ನು ಕೀಬೋರ್ಡಿನ ಗುಂಡಿಯ ಮೇಲೂ ಇಟ್ಟು, ಉಸಿರು ಬಿಗಿಹಿಡಿದು ಎರಡನ್ನೂ ಒಟ್ಟಿಗೆ ಒತ್ತಿದ. ಸ್ಪೀಕರಿನಿಂದ ಹೆಣ್ಣುದನಿಯೊಂದು ಎದ್ದಿತು. ಕೀಬೋರ್ಡು ಜೊತೆಗೂಡಿತು. ಅರ್ಧ ನುಡಿ ಸರಿಹೋಯಿತು. ಆಮೇಲೆ ಪದ ಹಿಂದುಳಿಯಿತು, ಕೀಬೋರ್ಡು ಮುಂದೆ ಓಡಿತು.

"ನಿಲ್ಸ್ಲಾ ಮಾದೇವ," ಎಂದರು ಕೇರಿಯ ಹಿರಿಯ ಕೆಂಪಸಿದ್ದಯ್ಯ. "ಎಂಡ್ತಿ ಇನ್ನೂ ಬೆಳಕವಾಡೀಲವ್ಳೆ, ಗಂಡ ಆಗ್ಲೇ ಮಳವಳ್ಳಿ ಬಸ್‌ಸ್ಟ್ಯಾಂಡಲ್ಲವ್ನೆ."

ಭಜನೆಯವರು ಟವಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಜಗಲಿಯ ಮೇಲೆ ಒರಗಿಸಿ ಕೂರಿಸಿದ್ದ ಪುಟ್ಟಮಾದಯ್ಯನ ಕೊರಳಲ್ಲಿ ಹಾರಗಳು ಹೆಚ್ಚಾಗಿ, ಗದ್ದ ಮುಚ್ಚಿಹೋಗಿತ್ತು. ಪಕ್ಕದಲ್ಲಿ ಕುಳಿತ ಹೆಂಡತಿ ಪಟ್ಟಲಮ್ಮ ಮಾತ್ರ ನಗಲಿಲ್ಲ.

ಆ ಕೇರಿಯಲ್ಲಿ ಹೆಣ ಎತ್ತುವಾಗ ಒಂದು ಪದ ಹೇಳಲೇಬೇಕು. ಹಗಲೆಲ್ಲ ಪಂಪಿನ ಮೋಟಾರು ವೈಂಡಿಂಗ್ ಮಾಡುತ್ತಿದ್ದ ಪುಟ್ಟಮಾದಯ್ಯ ಸಾವಿನ ಮನೆ ಎಂದರೆ ಅಂಗಡಿ ಬಾಗಿಲು ಎಳೆದು ಕೀಬೋರ್ಡು ಹೊತ್ತು ಹೊರಡುತ್ತಿದ್ದ. ಅವನು ನುಡಿಸಬೇಕು, ಪಟ್ಟಲಮ್ಮ ಹಾಡಬೇಕು. ಗಂಟಲ ಆಪರೇಷನ್ನಿನ ಮೇಲೆ ಅವಳಿಗೆ ಉಳಿದದ್ದು ಪಿಸುಮಾತು. ಉಳಿದ ದನಿಯೆಲ್ಲ ಆ ರೆಕಾರ್ಡರಿನಲ್ಲಿತ್ತು.

"ಒತ್ತು ಮುಳುಗ್ತಾ ಅದೆ ಕಣಮ್ಮ. ಭಜ್ನೆಯವ್ರೇ ಯಾವ್ದಾದ್ರೂ ಒಂದ್ ಪದ ಅಂದ್ಬುಡ್ಲಿ, ಎತ್ತಾಣ," ಎಂದರು ಕೆಂಪಸಿದ್ದಯ್ಯ.

ಪಟ್ಟಲಮ್ಮ ತಲೆಯಾಡಿಸಿದಳು. ಮಗಳು ನಾಗಮಣಿ ತಾಯಿಯ ಬಾಯಿಗೆ ಕಿವಿಯೊಡ್ಡಿ, ಕೇಳಿದ್ದನ್ನು ಎಲ್ಲರಿಗೂ ಹೇಳಿದಳು: "ಅಪ್ಪಂಗೆ ಮಾತು ಕೊಟ್ಟವ್ಳಂತೆ. ರಾಜೇಂದ್ರಣ್ಣ ಬರೋಗಂಟ ಇರಿ ಅಂತಾವ್ಳೆ."

*

ನಾಗಮಣಿ ಕೂಸಾಗಿದ್ದಾಗ ಗಂಡ ಹೆಂಡತಿ ಮಂಡ್ಯದ ಒಂದು ಸ್ಟುಡಿಯೋಕ್ಕೆ ಹೋಗಿದ್ದರು. ಪಟ್ಟಲಮ್ಮನ ಕಿವಿಗೆ ಹೆಡ್‌ಫೋನು ಹಾಕಿದರು. ಒಳಗೆ ಟಕ್ ಟಕ್ ಎಂದು ತಾಳ. ಅದನ್ನು ಹಿಡಿದು ಹಾಡಬೇಕಂತೆ.

*ಹೊಳೆ ದಾಟೊ ಮುಂಚೆ ಒಸಿ ನಿಲ್ಲೊ ಗುರುವೆ*
*ಹಿಂದುಳಿದ ಕೂಗು ಬರಲಿ*

'ನಿಲ್ಲೊ' ಎಂದ ಮೇಲೆ ಅವಳು ನಿಲ್ಲುತ್ತಿದ್ದಳು. ಅವ್ವನಿಂದ ಕಲಿತದ್ದೇ ಹಾಗೆ. ಟಕ್ ಟಕ್ ನಿಲ್ಲುತ್ತಿರಲಿಲ್ಲ. ಎಷ್ಟು ಸಲ ಹಾಡಿಸಿದರೂ ಅಷ್ಟೇ. "ಈಯಮ್ಮಂಗೆ ತಾಳ ಇಲ್ಲ, ಕರ್ಕೊಂಡೋಗಿ," ಎಂದ ಸ್ಟುಡಿಯೋದವನು.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಪಟ್ಟಲಮ್ಮ ಕೇಳಿದಳು: "ನಂಗೆ ತಾಳ ಇಲ್ವಾ?"

"ಆ ಡಬ್ಬಕ್ಕೆ ಉಸ್ರಿಲ್ಲ ಕಣೆ," ಎಂದ ಪುಟ್ಟಮಾದಯ್ಯ.

ಆಮೇಲೆ ಅವನು ಎಲ್ಲಿಂದಲೋ ಹಳೆಯ ರೆಕಾರ್ಡರು ತಂದ. ಟಕ್ ಟಕ್ ಇಲ್ಲದೆ, ಅವಳ ಪಾಡಿಗೆ ಹಾಡಿಸಿ ಹಿಡಿದುಕೊಂಡ. ನಂತರ ಅದನ್ನೇ ಕೇಳುತ್ತ ಕುಳಿತು, ಅವಳ ಒಂದೊಂದು ತಾಳಕ್ಕೂ ಗುಂಡಿಯೊಂದನ್ನು ಮೆಲ್ಲಗೆ ತಟ್ಟಿದ. ಅವಳು ನಿಧಾನಿಸಿದಲ್ಲಿ ಬೆರಳೂ ನಿಧಾನಿಸಿತು. ಆ ತಟ್ಟನ್ನೆಲ್ಲ ರೆಕಾರ್ಡರು ನೆನಪಿಟ್ಟುಕೊಂಡಿತು. ಅಲ್ಲಿಂದ ಕೀಬೋರ್ಡಿಗೆ ಗಿಡ್ಡ ವೈರೊಂದನ್ನು ಸಿಕ್ಕಿಸಿ ನುಡಿಸಿದ.

"ಕೀಬೋರ್ಡು ದನಿ ಇಟ್ಕೊಳಾಕಿಲ್ಲ ಕಣೆ," ಎಂದು ಹೆಂಡತಿಗೆ ವಿವರಿಸಿದ. "ಈ ಕರಿಬಿಳಿ ಮನೇಲಿ ಯಾವ್ದು, ಯಾವಾಗ, ಎಷ್ಟು ಗಟ್ಟಿಯಾಗಿ ಒತ್ತುದೆ, ಅಷ್ಟು ಬೆರಳಿನ ಗುರ್ತು ಮಾತ್ರ. ಮಿಡಿ ಅಂತಾರೆ. ಇನ್ಮ್ಯಾಕೆ ನೀನು ಎಲ್ಲಿ ನಿಂತ್ರೂ ಇದು ಕಾಯ್ತದೆ."

"ನಡೂಕೆ ಮಗ ಅತ್ತೈತಲ್ಲ, ಅದ ತೆಗ್ದಾಕಿ."

"ಇರ್ಲಿ ಬುಡು. ನಾ ಮುಂದಾಗಿ ಓದ್ರೆ ಎತ್ತೋ ಪದ ನೀನೇ ಏಳ್ಬೇಕು."

"ಬುಡ್ತು ಅನ್ನಿ!" ಎಂದು ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅವನು ಕೈ ಸರಿಸಿ, ಅವಳು ಹೂಂ ಎನ್ನುವವರೆಗೂ ಬಿಡಲಿಲ್ಲ.

*

ರಾಜೇಂದ್ರ ಮದ್ದೂರಿನಿಂದ ಬಂದವನೇ ಗೆಳೆಯನ ಕಾಲು ಮುಟ್ಟಿ, ಅಲ್ಲೇ ಒಂದು ಗಳಿಗೆ ಕುಕ್ಕರುಗಾಲಲ್ಲಿ ಕುಳಿತ. ಆರ್ಕೆಸ್ಟ್ರಾದಲ್ಲಿ ಪುಟ್ಟಮಾದಯ್ಯನ ಪಕ್ಕ ರಿದಮ್ ಪ್ಯಾಡ್ ಬಾರಿಸುತ್ತಿದ್ದವನು ಅವನು.

"ಎರಡೂ ಕೈಲಿ ಒತ್ತಿದ್ಯೇನ್ಲಾ?" ಎಂದು ಮಹದೇವುವನ್ನು ಕೇಳಿದ. "ಒಟ್ಗೆ ಒಂಟ್ರೆ ಒಟ್ಗೆ ಓಯ್ತವಾ? ಒಂದು ಇನ್ನೊಂದ್ಕೆ ತಾಳ ಏಳ್ಕೊಡ್ಬೇಕು."

ವೈರು ಒಳಮನೆಯ ಗೂಟಕ್ಕೆ ತೂಗುತ್ತಿತ್ತು. ರಾಜೇಂದ್ರ ಅದನ್ನು ಆರ್ಕೆಸ್ಟ್ರಾದ ರೂಢಿಯಂತೆ ಸಿಕ್ಕಿಸಿದ: ಕೀಬೋರ್ಡು ಮುಂದೆ, ಹಾಡು ಹಿಂದೆ. ಗುಂಡಿ ಒತ್ತಿದ. ಕೀಬೋರ್ಡು ಹೊರಟಿತು. ರೆಕಾರ್ಡರು ಮಿಣುಕುತ್ತ ಕುಳಿತಿತೇ ಹೊರತು ಬಾಯಿ ಬಿಡಲಿಲ್ಲ.

"ಕೆಟ್ಟೋಗದೆ ಅತ್ಗೆ," ಎಂದ.

ಕೆಂಪಸಿದ್ದಯ್ಯ ಎದ್ದು ನಿಂತರು. ನಾಲ್ವರು ಪುಟ್ಟಮಾದಯ್ಯನನ್ನು ಚಟ್ಟಕ್ಕೇರಿಸಿ ಅದರ ಬಳಿ ನಿಂತರು.

ಪಟ್ಟಲಮ್ಮ ರಾಜೇಂದ್ರನ ತೋಳು ಹಿಡಿದೆಳೆದಳು. ಈ ಸಲ ಮಗಳ ನೆರವಿಲ್ಲದೆ, ಇದ್ದ ಉಸಿರನ್ನೆಲ್ಲ ಕೂಡಿಸಿ ಹೇಳಿದಳು: "ಅವ್ರು ನನ್ನಿಂದೆ ಬತ್ತಿದ್ರು ಕಣಪ್ಪ. ನಾನು ಅವರಿಂದೆ ಓಯ್ತಿರ್ನಿಲ್ಲ."

ರಾಜೇಂದ್ರ ಅವಳನ್ನು ನೋಡಿದ. ಗೆಳೆಯನನ್ನು ನೋಡಿದ. "ನೋಡುದ್ರಾ ಈ ಕಳ್ಳನ್ನ," ಎಂದು ಮೂಗೊರೆಸಿಕೊಂಡು ವೈರು ಕಿತ್ತು, ರೆಕಾರ್ಡರಿನಿಂದ ಕೀಬೋರ್ಡಿಗೆ ತಿರುಗಿಸಿ ಸಿಕ್ಕಿಸಿದ. ಹೊರಗಿನ ತಾಳಕ್ಕೆ ಕಿವಿಗೊಡುವಂತೆ ಕೀಬೋರ್ಡನ್ನು ಅಣಿಮಾಡಿ, ಮುನ್ನಡೆಯನ್ನು ರೆಕಾರ್ಡರಿಗೆ ಬಿಟ್ಟ. ಆಮೇಲೆ ಒಂದೇ ಬೆರಳಿನಿಂದ ಒಂದೇ ಗುಂಡಿ ಒತ್ತಿದ.

ಪಟ್ಟಲಮ್ಮನ ಹಳೆಯ ದನಿ ಅಂಗಳವನ್ನು ತುಂಬಿತು. ಅದರ ಹಿಂದೆ, ಅವಸರವಿಲ್ಲದೆ, ಪುಟ್ಟಮಾದಯ್ಯನ ಬೆರಳುಗಳು ಬಂದವು. ಮುಟ್ಟುವವರಿಲ್ಲದ ಕರಿಬಿಳಿ ಮನೆಗಳು ಎಲ್ಲಿ ಮೆಲ್ಲಗೋ ಅಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯೋ ಅಲ್ಲಿ ಗಟ್ಟಿಯಾಗಿ ನುಡಿದವು. ಭಜನೆಯವರು ತಾಳ ಹಾಕಲು ಮರೆತರು.

"ಎತ್ರಪ್ಪ," ಎಂದರು ಕೆಂಪಸಿದ್ದಯ್ಯ.

ಚಟ್ಟ ಹೆಗಲಿಗೇರಿತು. *ಒಸಿ ನಿಲ್ಲೊ ಗುರುವೆ*, ಎಂದಿತು ದನಿ. ಆಗ ರೆಕಾರ್ಡರಿನೊಳಗೆ ಕೂಸೊಂದು ಚಿಟ್ಟನೆ ಚೀರಿ ಅಳತೊಡಗಿತು. ಪದ ನಿಂತಿತು. ಬಳೆ ಸದ್ದಾಯಿತು; ತೊಟ್ಟಿಲ ಸರಪಳಿ ಕಿರುಗುಟ್ಟಿತು; "ಓ ಓ, ಇಲ್ಲೇ ಅವ್ನಿ," ಎಂದು ಅದೇ ದನಿ ಸಮಾಧಾನ ಮಾಡಿತು. ನಾಗಮಣಿ ಬೆಚ್ಚಿ ತಾಯಿಯ ಸೆರಗು ಹಿಡಿದಳು.

ಕೀಬೋರ್ಡು ಒಂದೇ ಸ್ವರವನ್ನು ಹಿಡಿದು ಕಾಯುತ್ತಿತ್ತು. ಹೊತ್ತವರು ಎತ್ತಿದ ಕಾಲನ್ನು ಹಾಗೆಯೇ ಇಳಿಸಿ ನಿಂತರು. ಹೆಗಲ ಮೇಲೆ ಪುಟ್ಟಮಾದಯ್ಯ, ಕೆಳಗೆ ಇಡೀ ಕೇರಿ, ತೊಟ್ಟಿಲು ತೂಗುವ ಸದ್ದು ಮುಗಿಯುವವರೆಗೆ ಕಾದರು.

ಕೂಸು ಸುಮ್ಮನಾಯಿತು. ಪಟ್ಟಲಮ್ಮ ಉಸಿರೆಳೆದುಕೊಂಡದ್ದು ಸ್ಪೀಕರಿನಲ್ಲಿ ಕೇಳಿಸಿತು. ಚಟ್ಟದ ಮುಂದಿದ್ದವನು ಹೆಜ್ಜೆ ಎತ್ತಿದ.