‘ಇತರೆ’ ಕಾಲಂನವರು

ಅರವತ್ತೊಂದು. ಮತ್ತೆ ಕೂಡಿಸಿದ. ಅರವತ್ತೊಂದೇ. ಕೂಡಿಸಿದಷ್ಟೂ ಹೆಚ್ಚುವುದಕ್ಕೆ ಜನರೇನು ಉಬ್ಬುವ ಹಿಟ್ಟೇ?

ಜನಗಣತಿ ಕಚೇರಿಯಲ್ಲಿ ಭಾಷೆಗಳ ಪಟ್ಟಿ ಮಾಡುವುದು ಅವನ ಕೆಲಸ. ನೂರು ಜನರಿಲ್ಲದ ಮನೆಮಾತಿಗೆ ಪಟ್ಟಿಯಲ್ಲಿ ಸಾಲಿಲ್ಲ. ‘ಇತರೆ’ ಕಾಲಂಗೆ ದಬ್ಬಬೇಕು. ಹದಿನಾರು ವರ್ಷ ಯಾರ್ಯಾರ ಮಾತನ್ನೋ ಹಾಗೆ ದಬ್ಬಿ, ಮಧ್ಯಾಹ್ನ ನೆಮ್ಮದಿಯಾಗಿ ಉಂಡಿದ್ದ. ಇವತ್ತಿನ ಪಾಳಿ ಅವನದೇ ಮನೆಮಾತಿನದು.

ಹೋದ ಗಣತಿಯಲ್ಲಿ ಇನ್ನೂರೆಂಟು ಜನ. ಅಷ್ಟೊಂದು ಮಂದಿ ಸತ್ತಿರಲಿಲ್ಲ. ಏನಾಗಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದವರೆದುರು ಅವರಿಗೆ ತಿಳಿಯದ ಮಾತಾಡುವುದೆಂದರೆ ಅವನ ಜನಕ್ಕೆ ಮಹಾ ಅಸಭ್ಯತೆ. ಹೊರಗಿನವರು ಹೊಸ್ತಿಲು ದಾಟಿದರೆ ಮಗುವೂ ಭಾಷೆ ಬದಲಿಸುತ್ತದೆ. ಹಿಂದಿನ ಸಲ ಗಣತಿಗೆ ಬಂದವನು ಅವರ ಪೈಕಿಯವನೇ. ಈ ಸಲ ಬಂದವಳು ಹೊರಗಿನ ಶಾಲೆಯ ಟೀಚರು. ಮನೆಮಾತು ಯಾವುದೆಂದು ಅವಳು ಕೇಳಿದ್ದಕ್ಕೆ, ಅವನ ಜನರಿರುವ ಬೀದಿಗೆ ಬೀದಿಯೇ ಅವಳಾಡುವ ದೇಶದ ಭಾಷೆಯನ್ನೇ ತಮ್ಮದೆಂದು ಬರೆಸಿ ಕಳಿಸಿತ್ತು. ಪಾಪ, ಬಂದವರ ಮನಸ್ಸು ನೋಯಬಾರದಲ್ಲ!

ಆ ಅರವತ್ತೊಂದರಲ್ಲಿ ಅವನೂ ಇರಲಿಲ್ಲ. ಗಣತಿಯವರು ಬಂದಾಗ ಅವನು ಸ್ನಾನದ ಮನೆಯಲ್ಲಿದ್ದ; ಹೊರಗಿನವಳಾದ ಹೆಂಡತಿ ತನ್ನ ಭಾಷೆಯನ್ನೇ ಬರೆಸಿದ್ದಳು. ಆಮೇಲೆ ತಿದ್ದಬಹುದಿತ್ತು. ತಿದ್ದಲಿಲ್ಲ, ಅಷ್ಟೆ.

ಏನಾದರೂ ಮಾಡಲಾದೀತೇ ಎಂದು ಕೇಳಲು ಪಟ್ಟಿ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದ. ಅಲ್ಲಿ ದೇಶದ ಮೊದಲ ಕಾನೂನು ಪುಸ್ತಕದ ಮುಖಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅಚ್ಚಾದದ್ದು ಅವನ ಮುತ್ತಜ್ಜನ ಮುದ್ರಣಾಲಯದಲ್ಲಿ. ಅಚ್ಚಿನ ಮೊಳೆಗಳನ್ನು ಎರಕ ಹೊಯ್ದವರೂ ಅವರೇ. ದೇಶ ಇವತ್ತಿಗೂ ಓದುವುದು ಅವರು ಕೊಟ್ಟ ಅಕ್ಷರಗಳಲ್ಲೇ. ಮೇಲಧಿಕಾರಿ ಅತ್ತ ನೋಡಿ ನಿಟ್ಟುಸಿರಿಟ್ಟರು.

‘ಐದು ಗಂಟೆಯೊಳಗೆ ತಿದ್ದುಪಡಿ ಅರ್ಜಿಗಳು ಬಂದ್ರೆ ಸರಿ. ಆಮೇಲೆ ನನ್ನ ಕೈಲಿಲ್ಲ.’

ಬೀದಿಗೆ ಹಿರಿಯಳು ಅವನ ಸೋದರತ್ತೆ. ಅವಳು ಒಂದು ಸಹಿ ಹಾಕಿದರೆ ಉಳಿದವರೆಲ್ಲ ಹಾಕುತ್ತಾರೆ. ಮೂರು ಗಂಟೆಗೆ ಅವಳ ಮನೆ ಸೇರಿ, ಬೂಟು ಬಿಚ್ಚಿಟ್ಟು, ಮನೆಮಾತಿನಲ್ಲೇ ಶುರುಮಾಡಿದ. ಅಪ್ಪ ಹೋದ ಮೇಲೆ ಅದನ್ನಾಡಲು ಅವನಿಗೆ ಯಾರೂ ಇರಲಿಲ್ಲ. ನಾಲ್ಕು ಮಾತಿಗೇ ತಡವರಿಸಿದ. ಅರ್ಜಿ, ಸಹಿ ಹಾಳಾಗಲಿ, ‘ನಾಚಿಕೆ’ ಎಂಬುದಕ್ಕೂ ಶಬ್ದ ಸಿಗದೆ ದೇಶದ ಭಾಷೆಯಿಂದ ತಂದು ತುಂಬಿದ.

ಅವನ ಒದ್ದಾಟ ನೋಡಿ ಅತ್ತೆಗೆ ಕರುಣೆ ಬಂದಿರಬೇಕು. ಮೆಲ್ಲಗೆ ಭಾಷೆ ಬದಲಿಸಿದಳು.

‘ಆ ಹುಡುಗಿ ಪಾಪ ಬಿಸಿಲಲ್ಲಿ ಬಂದಿದ್ಲು. ಈಗ ಅವಳು ಬರ್ಕೊಂಡಿದ್ದೇ ತಪ್ಪು ಅಂದ್ರೆ, ಅವಳ ಕೆಲಸಕ್ಕೆ ಕುತ್ತು ಬರಲ್ವಾ?’

‘ನಾವೇ ಇಲ್ಲ ಅಂತಾಗುತ್ತೆ, ಅತ್ತೆ.’

‘ಇದೀವಲ್ಲ,’ ಎಂದು ಅತ್ತೆ ಅರ್ಜಿಯನ್ನು ನೀಟಾಗಿ ಮಡಿಸಿ ಅವನ ಕೈಗಿಟ್ಟಳು. ‘ಕೂತ್ಕೊಳ್ಳಿ. ನೀವು ಟೀ ಕುಡಿದೇ ಹೋಗ್ಬೇಕು.’

ನೀವು! ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸಿದವಳು. ಅವನಿಗೆ ಅವಮಾನವಾಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಟೀ ಕುಡಿದ. ಚೆನ್ನಾಗಿದೆ ಎಂದು ದೇಶದ ಭಾಷೆಯಲ್ಲೇ ಹೇಳಿದ.

ಅತ್ತೆ ಬಾಗಿಲವರೆಗೂ ಬಂದು ನಗುತ್ತ ಬೀಳ್ಕೊಟ್ಟಳು. ಬಾಗಿಲು ಹಾಕಿದ್ದೇ ತಡ, ಒಳಗೆ ಮನೆಮಾತು ಮತ್ತೆ ಶುರುವಾಯಿತು. ಅವನಿಗೆ ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು. ಬಂದಿದ್ದವರು ಯಾರೆಂದು ಒಳಕೋಣೆಯಿಂದ ಸೊಸೆ ಕೇಳಿದಳು.

‘ಗಣತಿಯವರು,’ ಎಂದಳು ಅತ್ತೆ.

ಅವನು ಒಂದು ಬೂಟು ಕಾಲಿಗೆ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ನಿಂತೇ ಇದ್ದ.