ಐದು ಹೆಸರಿನ ಎಮ್ಮೆ

"ಹಗ್ಗ ಬಿಡು, ನೇತ್ರಾ. ಬಿಡು ಅಂದೆ!"

ಮೂಕಮ್ಮ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಬಾಗಿಲಲ್ಲೇ ಕೆಡವಿ ಕೊಟ್ಟಿಗೆಗೆ ನುಗ್ಗಿದಳು. ಬೆಳಗಿನಿಂದ ಭತ್ತದ ನಾಟಿಗೆ ಹೋಗಿ ಬಂದ ಕಾಲು, ಮೊಣಕಾಲಿನ ತನಕ ಕೆಸರು. ಪಕ್ಕದ ಮನೆಯ ನೇತ್ರಾ ಗೂಟದಿಂದ ಎಮ್ಮೆಯ ಹಗ್ಗವನ್ನು ಅರ್ಧ ಬಿಚ್ಚಿದ್ದಳು. ಅವಳ ಹಿಂದೆ ಸಾಲದ ಸಂಘದ ಮೂವರು ಹೆಂಗಸರು. ಅಂಗಳದಲ್ಲಿ ಬೈಕಿಗೆ ಒರಗಿ ನಿಂತವನು ಚನ್ನಬಸವರಾಜ. ಕುರುಗೋಡಿನವನು, ಸಾಲ ಕೊಡುವ ಕಂಪನಿಯ ನೌಕರ. ಪ್ರತಿ ಸೋಮವಾರ ಕಂತು ವಸೂಲಿಗೆ ಕರೂರಿಗೆ ಬರುತ್ತಾನೆ. ಮಗನ ವಯಸ್ಸಿನ ಅವನನ್ನು ಹೆಂಗಸರೆಲ್ಲ ಸಾರ್ ಎನ್ನುತ್ತಾರೆ.

"ಅನಿತಾನ ಎಮ್ಮಿ ಅಲ್ಲೇನಕ್ಕ ಇದು," ಎಂದಳು ನೇತ್ರಾ, ಮುಖ ನೋಡದೆ. "ಮಾರಿ ಕಂತು ಕಟ್ಟಾಕ ಸಾರ್ ಹೇಳ್ಯಾರ."

"ಅನಿತಾಂದ? ನಿನ್ನ ಬಾಯಿಗೆ ಮಣ್ಣು ಹಾಕ! ಇದು ಕರ ಇದ್ದಾಗಿಂದ ನಾ ಸಾಕೀನಿ. ದಿನಾ ಬೆಳಗಾದ್ರ ಇದರ ಹಾಲಿನ ಚಾ ಕುಡೀತಿ, ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬೈಕಿಗೆ ಒರಗಿದವನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಂಘದಲ್ಲಿ ಇದ್ದವರು ಐವರು, ಈ ನಾಲ್ವರು ಮತ್ತು ಅನಿತಾ. ಕಂಪನಿ ಸಾಲ ಕೊಡುವುದು ಬಡತನ ಕಳೆಯಲು, ಅದೂ ಎಮ್ಮೆ ಕೊಂಡು ಹೈನು ಮಾಡುವವರಿಗೆ. ಹೆರಿಗೆಗೆ ಕೊಡುವುದಿಲ್ಲ, ಮಗಳ ಕಾಲೇಜಿಗೆ ಕೊಡುವುದಿಲ್ಲ, ಗಂಡನ ಆಸ್ಪತ್ರೆಗೆ ಕೊಡುವುದಿಲ್ಲ. ಬಡವರಿಗೆ ದುಡ್ಡು ಬೇಕಾಗುವುದು ಇವಕ್ಕೇ ಎಂದು ಬಳ್ಳಾರಿಯ ಎಸಿ ಕೋಣೆಯಲ್ಲಿ ಕೂತವರಿಗೆ ಯಾರು ಹೇಳಬೇಕು? ಎಮ್ಮೆಯ ಪಕ್ಕ ನಿಂತ ಫೋಟೋ ತನ್ನಿ ಎಂದರು. ಓಣಿಯಲ್ಲಿ ಇದ್ದದ್ದು ಮೂಕಮ್ಮನದೊಂದೇ ಎಮ್ಮೆ. ಹೆಪ್ಪು ಕೇಳಲು ಬಂದ ಹಾಗೆ ಒಬ್ಬೊಬ್ಬಳೇ ಬಂದು ಎಮ್ಮೆ ಕೇಳಿದಳು. ಮೂಕಮ್ಮ ಸಂಘಕ್ಕೆ ಸೇರಿದವಳಲ್ಲ, ಯಾರ ಸಾಲವನ್ನೂ ಮುಟ್ಟಿದವಳಲ್ಲ. ಆದರೆ ಹೆಪ್ಪು ಇಲ್ಲ ಎಂದವಳಲ್ಲ, ಎಮ್ಮೆ ಇಲ್ಲ ಎಂದಾಳೆಯೇ?

ಫೋಟೋ ತೆಗೆದವನು ಇದೇ ಚನ್ನಬಸವರಾಜ. ಎಮ್ಮೆಯ ಎಡಗೋಡು ಮುರಿದಿತ್ತು. ಅದರ ಗುರುತು ಸಿಗದಿರಲೆಂದು ಒಬ್ಬಳ ಫೋಟೋಕ್ಕೆ ತಲೆಯ ಮೇಲೆ ಗೋಣಿಚೀಲ ಹಾಕಿಸಿದ. ಇನ್ನೊಬ್ಬಳ ಫೋಟೋಕ್ಕೆ ಬಲಮಗ್ಗುಲಾಗಿ ನಿಲ್ಲಿಸಿದ. ಅನಿತಾಳ ಸರದಿಗೆ ಚೆಂಡುಹೂವಿನ ಹಾರ ತರಿಸಿ ಎಮ್ಮೆಯ ಕೊರಳಿಗೆ ಹಾಕಿಸಿ, ಅವಳಿಗೆ "ನಗಬೇ, ಮದಿವ್ಯಾಗ ನಿಂತಂಗ ನಿಂದ್ರು," ಎಂದು ತಾನೂ ನಕ್ಕ. ಕರೂರಿನ ಒಂದೇ ಓಣಿಗೆ ಐದು ಎಮ್ಮೆ ಬಂದವು, ಬಡತನ ಅಷ್ಟು ಇಳಿಯಿತು ಎಂದು ಮೇಲಿನವರು ಬರೆದುಕೊಂಡರು. ಬಳ್ಳಾರಿಯಲ್ಲಿ ಕರೆದು ಅವನಿಗೆ ಶಾಲು ಹೊದಿಸಿದರಂತೆ. ಎಮ್ಮೆಗೆ ಒಂದು ಹಿಡಿ ಹಿಂಡಿಯೂ ಸಿಗಲಿಲ್ಲ ಬಿಡಿ.

ಅನಿತಾಳ ಸಾಲ ಗಂಡನ ಆಸ್ಪತ್ರೆಗೆ ಹೋಯಿತು, ಗಂಡನೂ ಹೋದ. ಮನೆಗೆ ಬೀಗ ಹಾಕಿ ಅವಳು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯಲು ಹೋಗಿದ್ದಾಳೆ. ಫೋನು ಎತ್ತುವುದಿಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಅದು ಸಂಘದ ಕಟ್ಟಳೆ. ಒಂದು ತಿಂಗಳು ಹೇಗೋ ಕೂಲಿಯಲ್ಲಿ ಮಿಗಿಸಿ ಕಟ್ಟಿದರು. ಈ ವಾರ ಯಾರ ಕೈಯಲ್ಲೂ ಕಾಸಿಲ್ಲ. ಬಾಕಿ ಉಳಿದರೆ ನೇತ್ರಾ ಮಗಳ ಕಾಲೇಜಿಗೆಂದು ನಂಬಿ ಕೂತ ಹೊಸ ಎಮ್ಮೆ ಸಾಲ ನಿಲ್ಲುತ್ತದೆ. ಅದಕ್ಕೇ ಅವಳು ಹಿಡಿದ ಹಗ್ಗ ಬಿಡುತ್ತಿರಲಿಲ್ಲ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ!" ಮೂಕಮ್ಮ ಅಂಗಳಕ್ಕೆ ಬಂದಳು. "ಏನ್ರಿ ಸಾರ್, ನೀವಾದ್ರೂ ಹೇಳ್ರಿ, ಯಾರದಿದು ಎಮ್ಮಿ?"

"ಫೋಟೋದಾಗ ಅನಿತಾ ನಿಂತಾಳಮ್ಮ. ನಾ ಏನು ಮಾಡ್ಲಿ? ರೆಕಾರ್ಡಿನ್ಯಾಗ ಹಂಗ ಐತಿ."

"ನೇತ್ರಾನೂ ನಿಂತಾಳ, ಇವರೂ ನಿಂತಾರ. ಹಂಗಾರ ಐದು ಪಾಲು ಮಾಡ್ರಿ. ಬಾಲ ಯಾರಿಗೆ, ಕೋಡು ಯಾರಿಗೆ? ಮುರುಕ ಕೋಡು ನೀವಾ ಇಟ್ಕಳ್ರಿ."

ಹಿಂದೆ ನಿಂತ ಒಬ್ಬಳು ಕಿಸಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚನ್ನಬಸವರಾಜ ನಗಲಿಲ್ಲ.

"ಹಂಗಂದ್ರ ಐದೂ ಫೋಟೋ ಸುಳ್ಳು ಅಂದಂಗಾತು. ಸುಳ್ಳು ಹೇಳಿದೋರು ಪೂರಾ ಸಾಲ ಒಮ್ಮಿಗೇ ಕಟ್ಬೇಕು. ಮ್ಯಾಲಿನೋರಿಗೆ ಈಗ ಫೋನ್ ಮಾಡ್ಲೇನು?"

"ಯಕ್ಕಾ, ಬಾಯಿ ಮುಚ್ಚು, ನಿನಗ ಕೈ ಮುಗೀತೀನಿ," ಎಂದಳು ನೇತ್ರಾ.

ನೋಡಿ, ಅವನು ಯಾರಿಗೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಎತ್ತುವ ಅಗತ್ಯವೇನಿತ್ತು? ಬಡವರ ಮೇಲೆ ಬಡವರನ್ನೇ ಕಾವಲಿಗೆ ಹಾಕಿದ ಮೇಲೆ ಧಣಿ ನೆರಳಲ್ಲಿ ಕೂತಿದ್ದರೂ ನಡೆಯುತ್ತದೆ.

"ಇನ್ನೊಂದು ದಾರಿ ಐತಿ," ಎಂದು ಅವನು ದನಿ ತಗ್ಗಿಸಿದ. "ಯಮ್ಮಾ, ನೀವು ಒಂದು ಸಾಲ ತಗಳ್ರಿ, ನಿಮ್ಮ ಹೆಸರಿನ್ಯಾಗ. ಅದರಾಗ ಅನಿತಾನ ಬಾಕಿ ಮುರಕಂತೀನಿ, ಉಳಿದದ್ದು ನಿಮಗ. ಎಮ್ಮಿ ನಿಮ್ಮ ಗೂಟದಾಗ ಇರತೈತಿ. ಎಲ್ಲಾರಿಗೂ ಚಲೋ ಆಗತೈತಿ."

ಮೂಕಮ್ಮ ಸುತ್ತ ನೋಡಿದಳು. ನಾಲ್ಕೂ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಅವಳ ಹೆರಿಗೆ ಮಾಡಿಸಿದವರು, ಗಂಡ ತೀರಿಕೊಂಡಾಗ ಗಂಜಿ ತಂದುಕೊಟ್ಟವರು. ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುವ ಹೊತ್ತಾಯಿತೆಂದು ಒದರಿತು. ಅವಳು ಅದರ ಕಡೆ ಒಮ್ಮೆ ತಿರುಗಿ ನೋಡಿದಳು. ಏನೂ ತೋಚದೆ ಕೈ ಮುಂದೆ ಚಾಚಿದಳು.

ಅವನು ಬ್ಯಾಗಿನಿಂದ ಬೆರಳಿಡುವ ಮಷೀನು ತೆಗೆದ. ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ ಹತ್ತಿತು. "ಗುರುತು ಸಿಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಬೆರಳಿಡಿ," ಎಂದಿತು ಅವನ ಫೋನಿನೊಳಗಿನ ಹೆಣ್ಣುದನಿ. ಮತ್ತೆ ಇಟ್ಟಳು. ಮತ್ತೆ ಕೆಂಪು. ವರ್ಷಗಟ್ಟಲೆ ಸಸಿ ಕಿತ್ತು, ನಾಟಿ ಹಚ್ಚಿ, ಸಗಣಿ ಬಾಚಿದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿಂದ ಬರಬೇಕು?

ಒಬ್ಬಳು ಸೋಪು ತಂದು ಅವಳ ಕೈ ತೊಳೆದಳು. ಇನ್ನೊಬ್ಬಳು ಸೆರಗಿನಿಂದ ಒರೆಸಿದಳು. ಮತ್ತೊಬ್ಬಳು ತಲೆಗೆ ಹಚ್ಚುವ ಎಣ್ಣೆ ತಂದು ಹೆಬ್ಬೆಟ್ಟಿಗೆ ತಿಕ್ಕಿದಳು. ಬಾಣಂತಿಗೆ ಮಾಡುವಷ್ಟು ಉಪಚಾರ! ನೇತ್ರಾ ಕೊಟ್ಟಿಗೆಯಿಂದ ಓಡಿ ಬಂದು ಮಣಿಕಟ್ಟು ಹಿಡಿದು, ಆ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿದಳು, ಒತ್ತಿಯೇ ಒತ್ತಿದಳು. ಉಗುರಿನ ಸುತ್ತ ರಕ್ತ ಸರಿದು ಬೆಳ್ಳಗಾಯಿತು.

"ನೋಯಾಕ ಹತ್ತೈತಿ, ನೇತ್ರಾ."

"ಒಂಚೂರು ತಡಕಾ ಯಕ್ಕಾ, ಈಗ ಹಿಡೀತೈತಿ."

ಮೂಕಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈ ಕಸಿದುಕೊಂಡು, ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು.

"ಒಲ್ಲೆ."

"ಯಮ್ಮಾ, ಎಮ್ಮಿ ಹೋಗತೈತಿ ನೋಡ್ರಿ."

"ನನ್ನ ಎಮ್ಮಿ ನನ್ನ ಗೂಟದಾಗ ಇರಾಕ ನಾ ಯಾಕ ಸಾಲ ಮಾಡ್ಲೋ ತಮ್ಮಾ?" ಸಾರ್ ಎಂಬ ಮಾತು ಎಲ್ಲೋ ಉದುರಿ ಹೋಗಿತ್ತು. "ಮಾಡು, ಫೋನ್ ಮಾಡು ಮ್ಯಾಲಿನೋರಿಗೆ. ಫೋಟೋ ಹೊಡದೋನು ಯಾರು, ಗೋಣಿಚೀಲ ಹೊದಿಸಿದೋನು ಯಾರು ಅಂತ ನಾ ಹೇಳ್ತೀನಿ. ಬಳ್ಳಾರಿಗೆ ಕರದ್ರ ಬಳ್ಳಾರಿಗೂ ಬರ್ತೀನಿ. ಎಮ್ಮಿನೂ ಹೊಡಕಂಡು ಬರ್ತೀನಿ. ಶಾಲು ಹೊದಿಸಿದ ಮಂದಿ ಅದರ ಕೋಡೂ ನೋಡ್ಲಿ!"

ಚನ್ನಬಸವರಾಜ ಫೋನು ಹಿಡಿದೇ ನಿಂತ. ಅವನ ಬೆರಳು ಯಾವ ನಂಬರನ್ನೂ ಒತ್ತಲಿಲ್ಲ. ಮೂಕಮ್ಮ ಒಳಗೆ ಹೋಗಿ ಹಾಲು ಕರೆಯುವ ಚರಿಗೆ ತಂದು, ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ನೀರು ಚಿಮುಕಿಸಿದಳು.

ಅವನು ಹೆಂಗಸರ ಕಡೆ ತಿರುಗಿದ. ಅವನಿಗೆ ಉಳಿದದ್ದು ಅವರ ಮೇಲಿನ ಅಧಿಕಾರವೊಂದೇ. "ಕಂತು ಪೂರ್ತಿ ಆಗೋತನ ಯಾರೂ ಏಳಂಗಿಲ್ಲ. ಕೂಡ್ರಿ ಎಲ್ಲಾರೂ."

ಪ್ರತಿ ಸೋಮವಾರ ಹೀಗೆ ಕೂತು ರೂಢಿ. ಮೂವರು ತಟಕ್ಕನೆ ಅಂಗಳದಲ್ಲಿ ಕೂತೂ ಬಿಟ್ಟರು.

ನೇತ್ರಾ ಕೂರಲಿಲ್ಲ. ತನ್ನ ಎಣ್ಣೆಗೈ ನೋಡಿಕೊಳ್ಳುತ್ತ ನಿಂತಿದ್ದಳು.

"ನಿಮಗೂ ಹೇಳಿದ್ದು. ಕೂಡ್ರಿ."

"ಎಮ್ಮಿ ಮೂಕಕ್ಕಂದು ಐತ್ರಿ," ಎಂದಳು ನೇತ್ರಾ. ದನಿ ಸಣ್ಣಗಿತ್ತು. "ನಂದಲ್ಲ, ಅನಿತಾಂದೂ ಅಲ್ಲ. ನೀವು ಬೇಕಾದ್ದು ಬರಕಳ್ರಿ."

ಕೊಟ್ಟಿಗೆಯಲ್ಲಿ ಮೊದಲ ಧಾರೆ ಖಾಲಿ ಚರಿಗೆಯ ತಳಕ್ಕೆ ಬಡಿಯಿತು. ಕೂತಿದ್ದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸೀರೆಗೆ ಹತ್ತಿದ ಮಣ್ಣು ಕೊಡವುತ್ತ ಎದ್ದರು.