ಎಲೆ ಇಡದ ಬೆಳಿಗ್ಗೆ

"ಆ ಎಲೆ ಮಾತ್ರ ಬೇಡಮ್ಮ," ಅಂದಳು ಶಶಿರೇಖಾ.

ನಾರಾಯಣಮ್ಮ ಎರಡು ವೀಳ್ಯದೆಲೆ ಹಿಡಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡಳು. ಎದುರಿಗೆ ಮಣೆಯ ಮೇಲೆ ಪಾಪಮ್ಮನ ಮಗಳು ಭಾನು ಕೂತಿದ್ದಳು. ಕಣ್ಣೆರಡೂ ಅರಿಶಿನ ಕಲಸಿದ ನೀರು. ಪಕ್ಕದಲ್ಲಿ ಮೂರು ಕಾಲಿನ ಕ್ಯಾಮೆರಾ, ಅದರ ಹಿಂದೆ ಟೋಪಿ ತಿರುಗಿಸಿ ಹಾಕಿಕೊಂಡ ಒಬ್ಬ. ಜಗಲಿಯ ಕೆಳಗೆ ಅರ್ಧ ಊರು. ಹೊತ್ತು ಮೂಡುವ ಮುಂಚೆ ಕೊತ್ತಂಬರಿ ಕಿತ್ತು ಸೂಳಗಿರಿ ಮಂಡಿಗೆ ಹಾಕಬೇಕಾದ ಜನ ಅವತ್ತು ಸೊಪ್ಪು ಬಾಡಿದರೆ ಬಾಡಲಿ ಅಂತ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಯಾಕಮ್ಮ? ಎಲೆ ಇಡ್ದೆ ನಾನು ಇವತ್ತಿನ್ಗಂಟ ಯಾರ್ಗೂ ಔಷ್ದಿ ಕೊಟ್ಟಿಲ್ಲ."

"ಇದನ್ನ ಹೊರದೇಶದೋರು ನೋಡ್ತಾರಮ್ಮ. ಲೋಕದ ಆರೋಗ್ಯ ನೋಡ್ಕೊಳ್ಳೋ ದೊಡ್ಡ ಸಂಸ್ಥೆಯೇ ಈಗ ನಾಟಿ ಔಷಧಿಗೆ ಮರ್ಯಾದೆ ಕೊಡ್ತಾ ಇದೆ. ನೀವು ಎಲೆ ಇಟ್ಟು ತುಟಿ ಅಲ್ಲಾಡಿಸಿದ್ರೆ ಅವ್ರು ಮಂತ್ರ ಅಂದ್ಕೋತಾರೆ. ಮೂಢನಂಬಿಕೆ ಅಂತ ಪಕ್ಕಕ್ಕೆ ತಳ್ಳಿಬಿಡ್ತಾರೆ. ಪುರಿಯುದಾಮ್ಮಾ, ಅರ್ಥ ಆಯ್ತಾ?"

ಶಶಿರೇಖಾ ಕೃಷ್ಣಗಿರಿಯ ಹುಡುಗಿ. ತಮಿಳಿನಲ್ಲಿ ಓದಿ, ಈಗ ಬೆಂಗಳೂರಿನ ಯಾವುದೋ ಸಂಸ್ಥೆಗೆ ಊರೂರು ಸುತ್ತಿ ನಾಟಿ ವೈದ್ಯರ ಪಟ್ಟಿ ಮಾಡುತ್ತಿದ್ದಳು. ಕೆಟ್ಟವಳಲ್ಲ. ಬಂದಾಗಲೆಲ್ಲ ನಾರಾಯಣಮ್ಮನ ಕಾಲಿಗೆ ಬೀಳುತ್ತಿದ್ದಳು, ಮುದ್ದೆ ಕೊಟ್ಟರೆ ಮುರಿದು ನುಂಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮವರೇ ಗಾದೆ ಕಟ್ಟಿದ್ದರು. ಅದೇ ಹಿತ್ತಲಿಗೆ ಈಗ ಲೋಕವೆಲ್ಲ ಬಂದು ಇಣುಕುತ್ತಿದೆ ಅಂತ ಅವಳಿಗೆ ನಿಜವಾಗಿಯೂ ಸಂತೋಷವಿತ್ತು.

"ಎಲೆ ಯಾಕೆ ಇಡ್ತೀರಿ ಹೇಳಿ, ಬರ್ಕೋತೀನಿ," ಅಂತ ಒಂದು ಸಲ ಕೇಳಿಯೂ ಇದ್ದಳು.

"ನಮ್ಮತ್ತೆ ಇಡ್ತಿದ್ರು. ಎಲೆ ಬಿದ್ರೆ ಔಷ್ದಿ ಮುಟ್ಬೇಡ, ದೊಡ್ಡಾಸ್ಪತ್ರೆ ಬಸ್ ಹತ್ಸು ಅಂದಿದ್ರು," ಅಂದಿದ್ದಳು ನಾರಾಯಣಮ್ಮ. ಯಾಕೆ ಅಂತ ಅತ್ತೆ ಹೇಳಿರಲಿಲ್ಲ. ಇವಳೂ ಕೇಳಿರಲಿಲ್ಲ. ಆ ಕಾಲದಲ್ಲಿ ಅತ್ತೆಯನ್ನು ಯಾಕೆ ಅಂತ ಕೇಳುವ ಸೊಸೆ ಎಲ್ಲಿದ್ದಳು?

ಕಾಮಾಲೆ ಅಂತ ಯಾರೇ ಬರಲಿ, ಅಂಗೈ ಕೆಳಗೆ ಮಾಡಿ ಎರಡೂ ಕೈ ಚಾಚಬೇಕು. ಒಂದೊಂದು ಕೈ ಮೇಲೂ ಒಂದೊಂದು ವೀಳ್ಯದೆಲೆ. ಅತ್ತೆ ಕಲಿಸಿದ ಹಾಗೆ ತೆಲುಗಿನಲ್ಲಿ ಒಕಟಿ, ರೆಂಡು ಅಂತ ನೂರರವರೆಗೆ ಎಣಿಸುವುದು. ತುಟಿಯಲ್ಲಿ ಅಲ್ಲಾಡುತ್ತಿದ್ದ ಮಂತ್ರ ಇಷ್ಟೇ. ನೂರಾಗುವತನಕ ಎಲೆ ನಿಂತರೆ, ನೆಲನೆಲ್ಲಿ ಅರೆದು ಮೇಕೆ ಹಾಲಲ್ಲಿ ಕಲಸಿ ಮೂರು ಬೆಳಿಗ್ಗೆ ಕುಡಿಸುವುದು. ಮೂವತ್ತೈದು ವರ್ಷದಲ್ಲಿ ಎಲೆ ಬಿದ್ದದ್ದು ಹನ್ನೊಂದು ಸಲ. ಹನ್ನೊಂದು ಜನರನ್ನೂ ಬೈದು, ಗದರಿಸಿ ಬಸ್ಸು ಹತ್ತಿಸಿದ್ದಳು.

"ಅಮ್ಮಾ, ಅವ್ರು ಹೇಳ್ದಂಗೆ ಮಾಡಮ್ಮ," ಅಂದ ಮಗ ಮುರಳಿಕೃಷ್ಣ, ಹಲ್ಲು ಕಚ್ಚಿಕೊಂಡು. "ಈ ಕಾಗ್ದ ಸಿಗ್ಲಿಲ್ಲಾಂದ್ರೆ ಏನಾಯ್ತದೆ ಗೊತ್ತಲ್ಲ?"

ಗೊತ್ತಿತ್ತು. ಹೋದ ತಿಂಗಳು ನಕಲಿ ಡಾಕ್ಟರುಗಳನ್ನು ಹಿಡಿಯುತ್ತೇವೆ ಅಂತ ಪೊಲೀಸರು ಬಂದು ಪಕ್ಕದೂರಿನಲ್ಲಿ ಇಂಜಕ್ಷನ್ ಹಾಕುತ್ತಿದ್ದವನನ್ನು ಎಳೆದುಕೊಂಡು ಹೋಗಿದ್ದರು. ಹೋಗುವಾಗ ನಾರಾಯಣಮ್ಮನ ಜಗಲಿ ಮುಂದೆಯೂ ಜೀಪು ನಿಲ್ಲಿಸಿ, "ಏನಮ್ಮಾ, ನಿನ್ ಹತ್ರ ಏನ್ ಸರ್ಟಿಫಿಕೇಟ್ ಇದೆ?" ಅಂತ ಕೇಳಿದ್ದರು. ಯಾರ ಹತ್ತಿರವೂ ಕೈ ಚಾಚದೆ ಔಷಧಿ ಕೊಟ್ಟ ಹೆಂಗಸು ಅವತ್ತು ಕಳ್ಳಿಯ ಹಾಗೆ ಒಳಗೆ ಹೋಗಿ ಕೂತಿದ್ದಳು. ಈ ಫಿಲ್ಮು ಮುಗಿದರೆ ಶಶಿರೇಖಾಳ ಸಂಸ್ಥೆಯಿಂದ ನಾಟಿ ವೈದ್ಯೆ ಅನ್ನುವ ಕಾಗದ ಬರುತ್ತದೆ. ಕಾಗದ ಬಂದರೆ ಜೀಪು ಬರುವುದಿಲ್ಲ.

ಕ್ಯಾಮೆರಾ ಹೋದ ಮೇಲೆ ಇಟ್ಟರಾಯಿತು ಅಂದುಕೊಂಡು ಎಲೆ ಎರಡನ್ನೂ ಸೆರಗಿನ ಕೆಳಗೆ ಸೇರಿಸಿ ಬಟ್ಟಲು ಎತ್ತಿಕೊಟ್ಟಳು.

ಭಾನು ಕೈ ನೀಡಿದಳು. ಬಟ್ಟಲು ಒಂದು ಗಳಿಗೆ ಜಗ್ಗಿ, ಹಾಲು ಲಂಗದ ಮೇಲೆ ಚೆಲ್ಲಿತು. "ಅಯ್ಯೋ, ನಾಚ್ಕೆ ನೋಡು ಮದ್ವಣಗಿತ್ತಿಗೆ," ಅಂತ ಯಾರೋ ನಕ್ಕರು. ಅವಳಿಗೆ ಮಾಘ ಮಾಸಕ್ಕೆ ಮದುವೆ ಗೊತ್ತಾಗಿತ್ತು. ಭಾನುವೂ ನಕ್ಕು, ಉಳಿದದ್ದನ್ನು ಕಣ್ಣು ಮುಚ್ಚಿ ಕುಡಿದಳು. "ಸೂಪರ್," ಅಂದ ಟೋಪಿಯವನು.

ಆಮೇಲೆ ಫೋಟೋ, ಹೆಬ್ಬೆಟ್ಟು, ಟೀ, ಬೋಂಡ. ಬೋಂಡ ಮುಗಿಯುವುದರೊಳಗೆ ತಾಯಿ ಮಗಳು ಎದ್ದು ಹೋಗಿದ್ದರು. ಸೆರಗಿನ ಕೆಳಗಿದ್ದ ಎಲೆ ಸಂಜೆ ಸ್ನಾನಕ್ಕೆ ಹೋಗುವಾಗ ನೆನಪಾಯಿತು. ಬಾಡಿತ್ತು.

ಮಾರನೆಯ ಬೆಳಿಗ್ಗೆ ಪಾಪಮ್ಮ ಒಬ್ಬಳೇ ಲೋಟ ಹಿಡಿದುಕೊಂಡು ಬಂದಳು. "ಅಕ್ಕಾ, ಅವ್ಳು ಎಬ್ಸಿದ್ರೂ ಏಳ್ತಿಲ್ಲ. ಇದ್ರಾಗೆ ಹಾಕ್ಕೊಡು, ಕುಡುಸ್ತೀನಿ."

"ರಾತ್ರಿ ನಿದ್ದೆ ಬಂತಾ ಹುಡ್ಗೀಗೆ?"

"ಎಲ್ಲಿ ಬತ್ತದೆ? ರಾತ್ರಿಯೆಲ್ಲಾ ಕಣ್ ಬಿಟ್ಕೊಂಡು ಸೂರು ನೋಡ್ತಿರ್ತಾಳೆ, ಹಗಲೆಲ್ಲಾ ನಿದ್ದೆ. ಕಂಪ್ನಿಯಾಗೆ ಎರಡು ವರ್ಷದಿಂದ ನೈಟ್ ಶಿಫ್ಟಲ್ವಾ, ಮೈ ಹಂಗೇ ಒಗ್ಗೋಗ್ಬುಟ್ಟದೆ."

ಹಗಲು ಮಲಗಿ ರಾತ್ರಿ ಎದ್ದಿರುವ ಕಾಮಾಲೆಯೂ ಕೆಟ್ಟದ್ದು ಅಂತ ಅತ್ತೆ ಹೇಳಿದ್ದು ನಾರಾಯಣಮ್ಮನಿಗೆ ನೆನಪಾಯಿತು. ಆದರೆ ಅತ್ತೆಯ ಕಾಲದಲ್ಲಿ ಹೊಸೂರು ಹಾದಿಯಲ್ಲಿ ಫೋನು ಜೋಡಿಸುವ ಕಂಪನಿ ಎಲ್ಲಿತ್ತು? ಈಗ ಊರಿನ ಅರ್ಧ ಹುಡುಗಿಯರು ಹಗಲೇ ಮಲಗುವವರು. ಜಗಲಿಯ ಮೇಲೆ ಏಳು ಜನ ಹೊಸಬರು ಬೇರೆ ಕಾಯುತ್ತಿದ್ದರು. ಕ್ಯಾಮೆರಾ ಬಂದ ಸುದ್ದಿ ಮತ್ತಿಗಿರಿಯವರೆಗೂ ಹೋಗಿತ್ತು. ಲೋಟಕ್ಕೆ ಹಾಕಿ ಕಳಿಸಿದಳು.

ಮೂರನೆಯ ಬೆಳಿಗ್ಗೆಯೂ ಪಾಪಮ್ಮ ಒಬ್ಬಳೇ. ಈ ಸಲ ಅವಳ ಮುಖ ನೋಡಿಯೇ ನಾರಾಯಣಮ್ಮ ಎದ್ದುಬಿಟ್ಟಳು. "ಅದೇನೇನೋ ಮಾತಾಡ್ತವ್ಳೆ ಅಕ್ಕಾ. ನನ್ನೇ ಸೂಪರ್‌ವೈಸರ್ ಅಂತಾಳೆ."

ನಾರಾಯಣಮ್ಮ ತಟ್ಟೆಯಿಂದ ಎರಡು ಎಲೆ ಎತ್ತಿಕೊಂಡು ಕಾಲಿಗೆ ಚಪ್ಪಲಿ ಇಲ್ಲದೆ ಓಡಿದಳು. ಭಾನುವನ್ನು ಗೋಡೆಗೆ ಒರಗಿಸಿ ಕೂರಿಸಿ, ಕೈ ಚಾಚಿಸಿ, ಎಲೆ ಇಟ್ಟಳು. ಒಕಟಿ ಅನ್ನುವುದರೊಳಗೆ ಕೈ ಎರಡೂ ಹಕ್ಕಿ ರೆಕ್ಕೆ ಬಡಿದ ಹಾಗೆ ಬಡಿದವು. ಎಲೆ ಚಾಪೆಯ ಮೇಲೆ ಬಿತ್ತು. ಬಿದ್ದದ್ದನ್ನು ಪಾಪಮ್ಮನೂ ನೋಡಿದಳು.

"ಆಟೋ ತರ್ಸೇ. ಓಡೇ, ನಿಂತ್ಕೋಬೇಡ!"

ಕೃಷ್ಣಗಿರಿಯ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ ಬಂದಳು. ಕಣ್ಣು ನೋಡಿದಳು, ಹೊಟ್ಟೆ ಒತ್ತಿದಳು. ಆಮೇಲೆ ಭಾನುವಿನ ಎರಡೂ ಕೈ ಮುಂದಕ್ಕೆ ಚಾಚಿಸಿ, ಆ ಕೈಗಳನ್ನೇ ನೋಡುತ್ತ ನಿಂತಳು. ಕೈ ಬಡಿದವು. ಡಾಕ್ಟರಮ್ಮ ತಿರುಗಿ ನರ್ಸನ್ನು ಜೋರಾಗಿ ಕೂಗಿದಳು.

ನಾರಾಯಣಮ್ಮ ಗೋಡೆಯ ಹತ್ತಿರ ನಿಂತು ನೋಡುತ್ತಿದ್ದಳು. ತಾನು ಮೂವತ್ತೈದು ವರ್ಷ ಮಾಡಿದ್ದನ್ನೇ ಈ ಡಾಕ್ಟರಮ್ಮ ಮಾಡಿದ್ದಳು. ಎಲೆ ಇರಲಿಲ್ಲ, ಅಷ್ಟೇ.

"ಲಿವರ್ ಕೈಬಿಟ್ಟಿದೆ," ಅಂದಳು ಡಾಕ್ಟರಮ್ಮ ತಮಿಳಿನಲ್ಲಿ. "ವಿಷ ತಲೆಗೆ ಏರಿದೆ, ಅದಕ್ಕೇ ಕೈ ಹೀಗೆ ಬಡೀತಿದೆ. ಎರಡು ದಿನ ಮುಂಚೆ ಬಂದಿದ್ರೆ ವೆಲ್ಲೂರಿಗೋ ಬೆಂಗಳೂರಿಗೋ ಕಳಿಸಬಹುದಿತ್ತು."

ಎರಡು ದಿನ ಮುಂಚೆ ಅಂದರೆ ಯಾವ ಬೆಳಿಗ್ಗೆ ಅಂತ ಇಬ್ಬರು ಹೆಂಗಸರಿಗೂ ಗೊತ್ತಾಯಿತು. ಒಬ್ಬರನ್ನೊಬ್ಬರು ನೋಡಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಭಾನು ಹೋದಳು.

ಮುರಳಿಕೃಷ್ಣ ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ: "ಆ ಶಶಿರೇಖಾ ಮೇಡಮ್‌ಗೆ ಇದ್ಯಾವ್ದೂ ಹೇಳ್ಬೇಡ. ಔಷ್ದಿಯಿಂದ ಸತ್ತಿಲ್ಲ ಅವ್ಳು. ಡಾಕ್ಟ್ರೇ ಹೇಳವ್ರಲ್ಲ, ಕಾಯಿಲೆಯಿಂದ ಅಂತ."

"ಔಷ್ದಿಯಿಂದ ಅಂತ ನಾನೆಲ್ಲಿ ಅಂದೆ?" ಅಂದಳು ನಾರಾಯಣಮ್ಮ. ಅವತ್ತಿನಿಂದ ಬಂದವರಿಗೆ ಮೈ ಹುಷಾರಿಲ್ಲ ಅಂತ ಹೇಳಿಸಿ ಕಳಿಸುತ್ತಿದ್ದಳು.

ತಿಂಗಳು ಕಳೆದು ಕಾಗದ ಬಂತು. ಚಿನ್ನದ ಬಣ್ಣದ ಅಂಚು, ಕೆಳಗೆ ಮೂರು ಸಹಿ. ಜೊತೆಗೆ ಒಂದು ಪುಸ್ತಕ. ಅದರಲ್ಲಿ ನಾರಾಯಣಮ್ಮನ ಹೆಸರು, ಗಿಡದ ಹೆಸರು, ಎಷ್ಟು ಅರೆಯಬೇಕು, ಎಷ್ಟು ಹಾಲು, ಎಷ್ಟು ದಿನ.

"ಎಲೆ ವಿಷ್ಯ ಐತಾ, ನೋಡ್ಲಾ."

ಮುರಳಿ ಹಾಳೆ ಮಗುಚಿದ. "ಇಲ್ಲಮ್ಮ."

ಫಿಲ್ಮನ್ನೂ ಫೋನಿಗೆ ಕಳಿಸಿದ್ದರು. ತೋರಿಸಬೇಡ ಅಂದರೂ ಅವನು ತೋರಿಸಿದ. ಕೊಳಲಿನ ಸಂಗೀತ, ಬೆಟ್ಟದ ಮೇಲೆ ಬಿಸಿಲು, ಆಮೇಲೆ ಜಗಲಿ. ಭಾನು ಕೈ ನೀಡುತ್ತಾಳೆ. ಕೈ ಒಂದು ಸಲ ಬಡಿಯುತ್ತದೆ, ಇನ್ನೊಂದು ಸಲ ಬಡಿಯುತ್ತದೆ. ಹಾಲು ಚೆಲ್ಲುತ್ತದೆ. ಅವಳು ನಗುತ್ತಾಳೆ.

"ನಿಲ್ಸು," ಅಂದಳು ನಾರಾಯಣಮ್ಮ. "ನಿಲ್ಸೋ, ನಿಂಗೆ ಕೈ ಮುಗೀತೀನಿ."

ಅದರ ಮಾರನೆಯ ಬೆಳಿಗ್ಗೆ ಪಾಪಮ್ಮ ಬಂದಳು. ಮಗಳು ಹೋದ ಮೇಲೆ ಈ ಬೀದಿಗೆ ಕಾಲಿಟ್ಟಿರಲಿಲ್ಲ. ಜಗಲಿಯಲ್ಲಿ ಬೇರಿಕೆಯಿಂದ ಬಂದ ಒಬ್ಬ ಗಂಡಸು ಕಾಯುತ್ತಿದ್ದ. ಔಷಧಿ ಕೊಡಲ್ಲ ಅಂದರೂ ಏಳದೆ, ಗೋಡೆಗೆ ತೂಗುಹಾಕಿದ ಕಾಗದವನ್ನೇ ನೋಡುತ್ತ ಕೂತಿದ್ದ. ಪಾಪಮ್ಮ ಕಾಗದದ ಕಡೆ ನೋಡಲಿಲ್ಲ.

"ಒಂದು ಮಾತು ಕೇಳಾಕೆ ಬಂದೆ ಅಕ್ಕಾ. ನಿಂಗೆ ಬಯ್ಯಾಕಲ್ಲ. ಬೈದ್ರೆ ಅವ್ಳು ಬಂದಾಳಾ?"

"ಕೇಳೇ."

"ಅವತ್ತು ಇಟ್ಟಿದ್ರೆ, ಎಲೆ ಬೀಳ್ತಿತ್ತಾ?"

ಗೊತ್ತಿಲ್ಲ ಅನ್ನಬಹುದಿತ್ತು. ಮಗ ಬಾಗಿಲ ಹಿಂದಿನಿಂದ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದ. ನಾರಾಯಣಮ್ಮನ ಕಣ್ಣ ಮುಂದೆ ಲಂಗದ ಮೇಲೆ ಚೆಲ್ಲಿದ ಹಾಲು ಇತ್ತು.

"ಬೀಳ್ತಿತ್ತು ಕಣೇ," ಅಂದಳು. "ಬಿದ್ದೇ ಬೀಳ್ತಿತ್ತು. ನಾನೇ ಇಡ್ಲಿಲ್ಲ."

ಪಾಪಮ್ಮ ಅಳಲಿಲ್ಲ. ಮುಂದೆ ಬಂದು ಅದೇ ಮಣೆಯ ಮೇಲೆ, ಮಗಳು ಕೂತಿದ್ದ ಹಾಗೇ ಕೂತು, ಅಂಗೈ ಕೆಳಗೆ ಮಾಡಿ ಎರಡೂ ಕೈ ಚಾಚಿದಳು.

"ನಿಂಗೇನಾಗೈತೆ ಪಾಪಮ್ಮ?"

"ಏನೂ ಆಗಿಲ್ಲ. ಅವ್ಳಿಗೆ ಇಡ್ದಿದ್ದು ನಂಗಿಡು."

ನಾರಾಯಣಮ್ಮ ಒಳಗಿನಿಂದ ಎರಡು ಎಲೆ ತಂದಳು. ಒಂದೊಂದು ಕೈ ಮೇಲೂ ಒಂದೊಂದು ಇಟ್ಟಳು. ಒಕಟಿ, ರೆಂಡು, ಮೂಡು. ಈ ಸಲ ಎಲ್ಲರಿಗೂ ಕೇಳುವ ಹಾಗೆ ಎಣಿಸಿದಳು. ಬೇರಿಕೆಯವನು ಎದ್ದು ನಿಂತು ನೋಡುತ್ತಿದ್ದ. ಕೊತ್ತಂಬರಿ ಕಿತ್ತು ಕಿತ್ತು ಹಸಿರು ಹಿಡಿದಿದ್ದ ಪಾಪಮ್ಮನ ಕೈಗಳು ಒಂದಿಷ್ಟೂ ಅಲ್ಲಾಡಲಿಲ್ಲ. ಎಲೆ ಇಟ್ಟಲ್ಲೇ ಇತ್ತು.

ನೂರಾದ ಮೇಲೂ ಪಾಪಮ್ಮ ಕೈ ಇಳಿಸಲಿಲ್ಲ.